ಪೂರ್ವಕವಿಗಳಿಲ್ಲದ ಗ್ರಂಥ

ಇಂಜಿನಿಯರಿಂಗ್ ಕಾಲೇಜುಗಳ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಎರಡೂ ಅದನ್ನು ಓದದವರವು. ಒಂದು ಪತ್ರಿಕೆಗಳ ಜಿಲ್ಲಾ ಪುಟದ್ದು: ‘ವಿದ್ಯಾರ್ಥಿಗಳ ಆವಿಷ್ಕಾರ’ ಎಂಬ ತಲೆಬರಹ, ಕೆಳಗೆ ನಾಲ್ವರು ಹುಡುಗ ಹುಡುಗಿಯರು, ನಡುವೆ ಗೈಡ್, ಮೇಜಿನ ಮೇಲೊಂದು ಥರ್ಮಾಕೋಲಿನ ಹೊಲ. ಇನ್ನೊಂದು ಸ್ಟಾಫ್ ರೂಮಿನದು. ಅದು ಎರಡೇ ಪದದ್ದು: ಎಲ್ಲಾ ಕಾಪಿ. ಮೊದಲನೆಯದು ಊದಿಸಿದ ಹೊಗಳಿಕೆ ಎಂದು ಹೇಳುವುದಕ್ಕೆ ವಿಮರ್ಶಕ ಬೇಕಾಗಿಲ್ಲ. ಎರಡನೆಯದು ಮಾತ್ರ ಜಾಣತನದ ವೇಷ ಹಾಕಿಕೊಂಡು ಓಡಾಡುತ್ತಿರುವುದರಿಂದ ಅದನ್ನು ತಡೆದು ನಿಲ್ಲಿಸಬೇಕಾಗಿದೆ.

ಏಳು, ಎಂಟನೇ ಸೆಮಿಸ್ಟರ್, ನಾಲ್ವರ ಬ್ಯಾಚ್, ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌ಪಿ ರೋಡಿನ ಓಡಾಟ, ಬಂಗಾರದ ಅಕ್ಷರದ ಹಾರ್ಡ್ ಬೈಂಡ್, ಎಕ್ಸ್‌ಟರ್ನಲ್ ಎಕ್ಸಾಮಿನರ್ ಬರುವ ದಿನದ ಟೈ ಇತ್ಯಾದಿಗಳನ್ನು ವಿವರಿಸಬೇಕಿಲ್ಲ. ಬೀದಿಗೆ ನಾಲ್ಕು ಮಂದಿ ಇಂಜಿನಿಯರುಗಳಿರುವ ನಾಡು ನಮ್ಮದು. ಎಕ್ಸ್‌ಟರ್ನಲ್ ಆಗಿ ಹೋಗುವ ಪಾಳಿ ನನಗೂ ಬರುವುದರಿಂದ ಈ ಗ್ರಂಥಗಳನ್ನು ರಾಶಿಯಾಗಿ ನೋಡಿದ್ದೇನೆ. ಅವುಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಸರ್ಕ್ಯೂಟಿನ ಮುಂದಲ್ಲ, ಫಲಿತಾಂಶದ ಮುಂದೆಯೂ ಅಲ್ಲ. ಸರ್ಟಿಫಿಕೇಟ್ ದಾಟಿದ ಕೂಡಲೇ ಸಿಗುವ ಕೃತಜ್ಞತೆಯ ಪುಟದ ಮುಂದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಶುರುವಾಯಿತು. ಅದರ ಕಾಲೇಜುಗಳಲ್ಲಿ ಓದಿದವರಲ್ಲಿ ಬಹುಮಂದಿಗೆ ಆ ಪುಟದ ಮೊದಲ ಇಂಗ್ಲಿಷ್ ವಾಕ್ಯ ಬಾಯಿಪಾಠ. ಯಾವುದೇ ಕಾರ್ಯ ಯಶಸ್ವಿಯಾಗಿ ಮುಗಿದಾಗ ಉಂಟಾಗುವ ತೃಪ್ತಿ, ಪರಮಾನಂದಗಳು ಅದನ್ನು ಸಾಧ್ಯವಾಗಿಸಿದವರನ್ನು ನೆನೆಯದಿದ್ದರೆ ಅಪೂರ್ಣ ಎಂಬುದು ಅದರ ತಾತ್ಪರ್ಯ. ಮೊದಲು ಬರೆದ ಪುಣ್ಯಾತ್ಮರು ಯಾರೋ, ಬ್ಯಾಚಿನಿಂದ ಬ್ಯಾಚಿಗೆ ಪೆನ್‌ಡ್ರೈವಿನಲ್ಲಿ ಇಳಿದು ಬಂದಿದೆ. ಈಗ ಚಾಟ್‌ಜಿಪಿಟಿಯನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಬರೆದುಕೊಡುತ್ತದೆ, ಅದೂ ನಮ್ಮ ಕಾಲೇಜಿನಲ್ಲೇ ಓದಿದ್ದೋ ಎಂಬಂತೆ.

ಆ ವಾಕ್ಯದಲ್ಲಿ ಮನುಷ್ಯರು ಎಲ್ಲಿದ್ದಾರೆ ನೋಡಿ. ಕರ್ತೃವಿನ ಜಾಗದಲ್ಲಿ ಕೂತಿರುವುದು ತೃಪ್ತಿ. ‘ನಾವು’ ಎಲ್ಲಿಯೂ ಇಲ್ಲ. ‘ಈ ಕೆಲಸ’ವೂ ಇಲ್ಲ, ‘ಯಾವುದೇ ಕೆಲಸ’ ಇದೆ. ಮೋರಿ ಸೇತುವೆ ಕಟ್ಟಿದವರಿಗೂ ಮದುವೆ ಮುಗಿಸಿದವರಿಗೂ ಒಪ್ಪುವ ವಾಕ್ಯ ಇದು. ಯಶಸ್ಸು ಇಲ್ಲಿ ಆದೀತೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲ, ಆಗಿಹೋದ ಸಂಗತಿ. ರಿಪೋರ್ಟಿನ ಫೈಲಿನಲ್ಲಿ ಎಷ್ಟೋ ಸಲ ಮೊದಲು ಸಿದ್ಧವಾಗುವ ಪುಟವೂ ಇದೇ. ಸೆನ್ಸರ್ ಇನ್ನೂ ಕೊರಿಯರಿನಲ್ಲಿ ಬಂದಿರುವುದಿಲ್ಲ, ಪರಮಾನಂದ ಆಗಲೇ ಬಂದಿರುತ್ತದೆ.

ಆಮೇಲೆ ಪಂಕ್ತಿ. ದೇವರು, ಆಡಳಿತ ಮಂಡಳಿಯ ಅಧ್ಯಕ್ಷರು, ಮಠದ ಕಾಲೇಜಾದರೆ ಸ್ವಾಮೀಜಿ, ಪ್ರಿನ್ಸಿಪಾಲ್, ಎಚ್‌ಒಡಿ, ಕೋಆರ್ಡಿನೇಟರ್, ಗೈಡ್, ಬೋಧಕೇತರ ಸಿಬ್ಬಂದಿ, ತಂದೆತಾಯಿ, ಗೆಳೆಯರು. ಕೆಲಸಕ್ಕೆ ಹತ್ತಿರವಾದಷ್ಟೂ ಕೆಳಗಿನ ಸಾಲು. ಬೆಸುಗೆ ಮುಗಿಯುವವರೆಗೆ ಲ್ಯಾಬಿಗೆ ಬೀಗ ಹಾಕದೆ ಕಾದ ಇನ್‌ಸ್ಟ್ರಕ್ಟರಿಗೆ ಹೆಸರಿಲ್ಲ, ಅವರು ‘ಸಿಬ್ಬಂದಿ’. ಪ್ರಾಜೆಕ್ಟಿನ ಮುಖವನ್ನೇ ನೋಡದ ಅಧ್ಯಕ್ಷರಿಗೆ ಬಿರುದು ಸಮೇತ ಪೂರ್ತಿ ಹೆಸರಿದೆ.

ಬರೀ ಶಿಷ್ಟಾಚಾರದ ಪುಟದ ಮೇಲೆ ಇಷ್ಟು ಹೊತ್ತು ಯಾಕೆ ಎನ್ನಬಹುದು. ಶಿಷ್ಟಾಚಾರದ ಭಾಗವನ್ನು ಕನ್ನಡದ ಓದುಗ ಹಾರಿಸಿ ಓದಿದವನಲ್ಲ. ನಮ್ಮ ಕಾವ್ಯಗಳ ಪೀಠಿಕೆಗೂ ಸಿದ್ಧ ಚೌಕಟ್ಟಿತ್ತು: ಇಷ್ಟದೇವತಾ ಸ್ತುತಿ, ಪೂರ್ವಕವಿ ಸ್ಮರಣೆ, ರಾಜಾಶ್ರಯದ ಕವಿಯಾದರೆ ಆಶ್ರಯದಾತನ ಹೊಗಳಿಕೆ. ಪಂಪ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ್ದು ಆಶ್ರಯದಾತನ ಸ್ತುತಿಯೇ ತಾನೆ? ಅದು ಇಡೀ ಭಾರತ ಕಥೆಯ ದಿಕ್ಕನ್ನು ತಿರುಗಿಸಿತು. ಬರೆದದ್ದನ್ನು ಅಳಿಸದ ಹೆಗ್ಗಳಿಕೆ ತನ್ನದೆಂದು ಕುಮಾರವ್ಯಾಸ ಹೇಳಿಕೊಂಡದ್ದೂ ಪೀಠಿಕೆಯಲ್ಲೇ. ಚೌಕಟ್ಟು ಎಲ್ಲರಿಗೂ ಒಂದೇ ಆಗಿದ್ದರಿಂದಲೇ ಅದರೊಳಗೆ ಕವಿ ನಿಂತ ಜಾಗ ಕಾಣುತ್ತದೆ. ರಿಪೋರ್ಟಿನ ಪುಟವನ್ನು ಆ ಚೌಕಟ್ಟಿನ ಪಕ್ಕ ಇಟ್ಟು ನೋಡಿ. ದೇವರಿದ್ದಾನೆ. ಆಶ್ರಯದಾತರು ಸಾಲುಗಟ್ಟಿದ್ದಾರೆ. ಪೂರ್ವಕವಿಗಳು ಮಾತ್ರ ಇಲ್ಲ.

ಅವರೇನು ಇರಲಿಲ್ಲವೇ? ಕೋಡ್ ಕೊಟ್ಟ ಹಿಂದಿನ ಬ್ಯಾಚಿನ ಅಕ್ಕ, ಗಿಟ್‌ಹಬ್‌ನಲ್ಲಿ ಅದನ್ನು ಮೊದಲು ಇಟ್ಟ ಯಾವುದೋ ದೇಶದ ಹುಡುಗ, ‘ಈ ಮೋಟರಿಗೆ ಆ ಡ್ರೈವರ್ ತಡೆಯಲ್ಲ, ಇದು ತಗೊಂಡ್ಹೋಗಿ’ ಎಂದ ಎಸ್‌ಪಿ ರೋಡಿನ ಅಂಗಡಿಯವರು, ದುಡ್ಡು ತೆಗೆದುಕೊಂಡು ಕಿಟ್ ಜೋಡಿಸಿಕೊಟ್ಟ ಪ್ರಾಜೆಕ್ಟ್ ಸೆಂಟರ್. ಲಿಟರೇಚರ್ ಸರ್ವೇ ಎಂಬ ಅಧ್ಯಾಯ ಇದೆಯಲ್ಲ ಎಂದರೆ, ಅಲ್ಲಿರುವುದು ಕೆಲಸಕ್ಕೆ ಬಂದ ಹಿರಿಯರಲ್ಲ, ಮರ್ಯಾದೆಗೆ ಕರೆದ ಅತಿಥಿಗಳು. ಹತ್ತು ಐಟ್ರಿಪಲ್‌ಇ ಪೇಪರುಗಳ ಸಾರಾಂಶವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ಆ ಅಧ್ಯಾಯ ಮುಗಿಯಿತು.

ಇಲ್ಲಿಗೆ ‘ಎಲ್ಲಾ ಕಾಪಿ’ ಪಕ್ಷದವರು ತಲೆಯಾಡಿಸುತ್ತಿರಬೇಕು. ಆದರೆ ನನ್ನ ಜಗಳ ಅವರ ಜೊತೆಗೇ. ಅವರು ನಕಲನ್ನು ರೋಗ ಎಂದುಕೊಂಡು ಅದಕ್ಕೆ ಸಾಫ್ಟ್‌ವೇರಿನ ಮದ್ದು ಹುಡುಕಿದ್ದಾರೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿಯಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅಲ್ಲಿಂದ ಮುಂದೆ ಶೇ 40, ಶೇ 60 ಎಂದು ಮೆಟ್ಟಿಲುಗಳಿವೆ. ಪ್ರಬಂಧಗಳಿಗೆಂದು ಬಂದ ಈ ಲೆಕ್ಕ ಪ್ರಾಜೆಕ್ಟ್ ರಿಪೋರ್ಟಿಗೂ ಇಳಿಯಿತು. ಪರಿಣಾಮ ಏನಾಯಿತೆಂದು ಓದಿದವರಿಗೆ ಗೊತ್ತು. ಮೊದಲು ಹುಡುಗರು ಚೆನ್ನಾಗಿದ್ದ ವಾಕ್ಯವನ್ನು ಎತ್ತಿಕೊಳ್ಳುತ್ತಿದ್ದರು. ಈಗ ಅದೇ ವಾಕ್ಯದ ಪದಗಳಿಗೆ ಪರ್ಯಾಯ ತುರುಕಿ, ಅರ್ಥ ಕೆಡಿಸಿ, ಶೇಕಡಾ ಇಳಿಸಿಕೊಂಡು ಬರುತ್ತಾರೆ. ಇನ್ನೊಂದು ಸ್ವಾರಸ್ಯ ಇದೆ. ಅದೇ ನಿಯಮಾವಳಿ ಹೋಲಿಕೆ ತಪಾಸಣೆಯಿಂದ ಹೊರಗಿಟ್ಟ ಭಾಗಗಳಲ್ಲಿ ಕೃತಜ್ಞತೆಯೂ ಒಂದು. ಇಡೀ ರಿಪೋರ್ಟಿನಲ್ಲಿ ಅತಿ ಹೆಚ್ಚು ನಕಲಾದ ಪುಟಕ್ಕೆ ಕಾನೂನಿನ ರಕ್ಷಣೆ ಇದೆ. ಕಾಪಿ ವಿರೋಧಿಗಳು ಈ ಬಗ್ಗೆ ಸೊಲ್ಲೆತ್ತಿದ್ದನ್ನು ನಾನು ಕೇಳಿಲ್ಲ. ಆ ಪುಟದಲ್ಲಿ ಅವರ ಹೆಸರೂ ಇರುತ್ತದಲ್ಲ!

ನಕಲು ತಪ್ಪೆಂದು ನನಗೆ ಅನಿಸುವುದಿಲ್ಲ. ಇಪ್ಪತ್ತೊಂದರ ವಯಸ್ಸಿನವರು ಇನ್ನೊಬ್ಬರ ಸರ್ಕ್ಯೂಟನ್ನು ಮತ್ತೆ ಕಟ್ಟಿ, ಅದು ಯಾಕೆ ಓಡುತ್ತಿಲ್ಲ ಎಂದು ಒದ್ದಾಡುವುದಕ್ಕಿಂತ ಒಳ್ಳೆಯ ಪಾಠ ಪದವಿಯ ಕೊನೆಯ ವರ್ಷದಲ್ಲಿ ಬೇರೆ ಇಲ್ಲ. ತಪ್ಪು ನಡೆಯುವುದು ಅರ್ಧ ನಕಲಿನಲ್ಲಿ. ಎಲೆಯ ಫೋಟೊ ನೋಡಿ ಬೆಳೆಯ ರೋಗ ಹೇಳುವ ಪ್ರಾಜೆಕ್ಟುಗಳನ್ನೇ ತೆಗೆದುಕೊಳ್ಳಿ. ಪೀಠಿಕೆಯಲ್ಲಿ ಭಾರತದ ರೈತನ ಕಷ್ಟ, ಕೊನೆಯಲ್ಲಿ ಶೇ 98, 99ರ ನಿಖರತೆ. ಇವುಗಳಲ್ಲಿ ಎಷ್ಟೋ ನಿಂತಿರುವುದು ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹದ ಮೇಲೆ. ಅದರಲ್ಲಿ 14 ಬೆಳೆಗಳ 54,306 ಚಿತ್ರಗಳಿವೆ. ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ, ದ್ರಾಕ್ಷಿ ನಮ್ಮವೂ ಹೌದು. ಜೊತೆಗೆ ಬ್ಲೂಬೆರಿ, ರಾಸ್ಪ್‌ಬೆರಿಗಳಿವೆ. ಅಡಿಕೆ ಇಲ್ಲ, ರಾಗಿ ಇಲ್ಲ, ಭತ್ತವೂ ಇಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆದು ಸುಸ್ತಾದ ತೀರ್ಥಹಳ್ಳಿಯ ಅಪ್ಪನ ಮಗ ಬ್ಲೂಬೆರಿ ಎಲೆಯ ಆರೋಗ್ಯ ಪರೀಕ್ಷಿಸಿ ಪದವಿ ಪಡೆಯುತ್ತಾನೆ.

ಅದಕ್ಕಿಂತ ಮುಖ್ಯವಾದದ್ದು ಇದು. ಆ ಸಂಗ್ರಹದ ಮೇಲೆ 2016ರಲ್ಲಿ ಮೊಹಂತಿ, ಹ್ಯೂಸ್, ಸಲಾಥೆ ಎಂಬ ಮೂವರು ಬರೆದ ಪ್ರಸಿದ್ಧ ಲೇಖನದಲ್ಲಿ ಶೇ 99.35ರ ಫಲಿತಾಂಶವಿದೆ. ಅದೇ ಲೇಖನದಲ್ಲಿ, ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ 31ರ ಆಸುಪಾಸಿಗೆ ಬಿತ್ತು ಎಂದೂ ಬರೆದಿದ್ದಾರೆ. ಸಂಗ್ರಹದ ಚಿತ್ರಗಳು ಎಲೆಯನ್ನು ಕಿತ್ತು ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದವು. ತೋಟದಲ್ಲಿ ಎಲೆಗಳು ಹಾಗೆ ಪೋಸು ಕೊಡುವುದಿಲ್ಲ. ಮೂಲ ಲೇಖಕರೇ ಮುಚ್ಚಿಡದೆ ಹೇಳಿದ ಈ ಕುಸಿತ ನಾನು ಕಂಡ ರಿಪೋರ್ಟುಗಳಿಗೆ ಬರಲಿಲ್ಲ. ತೊಂಬತ್ತೊಂಬತ್ತನ್ನು ಎತ್ತಿಕೊಂಡವರು ಮೂವತ್ತೊಂದನ್ನು ಬಿಟ್ಟು ಬಂದರು. ಪೂರ್ತಿ ಕಾಪಿ ಹೊಡೆದಿದ್ದರೆ ರಿಪೋರ್ಟು ಸತ್ಯವಾಗಿರುತ್ತಿತ್ತು. ಇದನ್ನು ಯಾವ ಸಾಫ್ಟ್‌ವೇರ್ ಹಿಡಿಯುತ್ತದೆ, ಸ್ಟಾಫ್ ರೂಮಿನವರೇ ಹೇಳಲಿ.

ಎಲ್ಲ ರಿಪೋರ್ಟುಗಳೂ ಹೀಗಿಲ್ಲ, ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಸಹಾಯಧನ ಕೊಡುತ್ತಿದೆ. ಅಲ್ಲಿ ಆಯ್ಕೆಯಾದವುಗಳಲ್ಲಿ ಗಟ್ಟಿ ಕೆಲಸಗಳಿವೆ. ಆದರೆ ಅವುಗಳ ಕೃತಜ್ಞತೆಯ ಪುಟ ತೆಗೆದು ನೋಡಿ, ಪರಮಾನಂದ ಅಲ್ಲಿಯೂ ತಪ್ಪುವುದಿಲ್ಲ.

ಕೊನೆಯ ವರ್ಷದ ನಿಜವಾದ ಕೃತಿ ರಟ್ಟಿನೊಳಗೆ ಇರುವುದೇ ಇಲ್ಲ, ಅದು ವೈವಾದಲ್ಲಿ ಬಾಯಿಂದ ಬರುತ್ತದೆ. ಒಂದು ಕಾಲೇಜಿನಲ್ಲಿ ನೀರಾವರಿಯ ಪ್ರಾಜೆಕ್ಟ್ ಮುಂದಿತ್ತು. ಎಲ್ಲಾ ಕಡೆ ಇರುವಂಥದ್ದೇ: ಆರ್ಡುಯಿನೋ, ಮಣ್ಣಿನ ತೇವ ಅಳೆಯುವ ಎರಡು ಕಡ್ಡಿಯ ಸೆನ್ಸರ್, ರಿಲೇ, ಪುಟ್ಟ ಪಂಪು. ಸೆನ್ಸರಿಗೆ ವಿದ್ಯುತ್ತು ನೇರವಾಗಿ ಕೊಡದೆ ಬೋರ್ಡಿನ ಒಂದು ಪಿನ್ನಿನಿಂದ ಯಾಕೆ ಕೊಟ್ಟಿದ್ದೀರಿ ಎಂದು ಕೇಳಿದೆ. ಅದುವರೆಗೆ ಸ್ಲೈಡ್ ಓದುತ್ತಿದ್ದ ಹುಡುಗಿ ಸ್ಲೈಡ್ ಬಿಟ್ಟಳು.

“ಸರ್, ಯಾವಾಗ್ಲೂ ಕರೆಂಟ್ ಇದ್ರೆ ಒದ್ದೆ ಮಣ್ಣಲ್ಲಿ ಕಡ್ಡಿ ತಿಂದ್ಹೋಗುತ್ತೆ. ಎರಡು ಹೋಯ್ತು. ಅದಕ್ಕೆ ರೀಡಿಂಗ್ ತಗೊಳ್ಳೋವಾಗ ಮಾತ್ರ ಕೊಡ್ತೀವಿ. ಸೀನಿಯರ್ ಕೋಡಲ್ಲಿ ಇದು ಇರ್ಲಿಲ್ಲ.”

“ರಿಪೋರ್ಟಲ್ಲಿ ಎಲ್ಲಿ ಬರೆದಿದ್ದೀರಮ್ಮ?”

“ನೆಗೆಟಿವ್ ಎಲ್ಲಾ ಬೇಡ ಅಂದ್ರು ಸರ್.”

ಆ ನಾಲ್ಕು ವಾಕ್ಯಗಳಲ್ಲಿ ಪೂರ್ವಕವಿ ಇದ್ದಾರೆ, ಅವರಲ್ಲಿದ್ದ ಕೊರತೆ ಇದೆ, ಇವರು ಕಂಡುಕೊಂಡ ಪರಿಹಾರ ಇದೆ. ಒಣ ಕಡ್ಡಿಗೆ ಏನೂ ಆಗುವುದಿಲ್ಲ, ಒದ್ದೆಯಾದಾಗ ನೇರ ವಿದ್ಯುತ್ತು ಹರಿದು ವಿದ್ಯುದ್ವಿಭಜನೆಯಿಂದ ತಾಮ್ರದ ಪದರ ಕರಗುತ್ತದೆ ಎಂಬುದನ್ನು ಅವಳು ಪುಸ್ತಕದಿಂದಲ್ಲ, ಜೇಬಿನ ದುಡ್ಡು ಹಾಳಾಗಿ ಕಲಿತಿದ್ದಳು. ಬೈಂಡ್ ಆದ ಪ್ರತಿಯಲ್ಲಿದ್ದದ್ದು ಸೆನ್ಸರನ್ನು ಯಶಸ್ವಿಯಾಗಿ ಜೋಡಿಸಲಾಯಿತು ಎಂಬ ಒಂದು ಸಾಲು.

ಕೃತಜ್ಞತೆಗೆ ಕೊಟ್ಟ ಪುಟದ ಪಕ್ಕದಲ್ಲಿ ಇನ್ನೊಂದು ಪುಟ ಇರಲಿ, ಯಾರದ್ದನ್ನು ತೆಗೆದುಕೊಂಡೆವು, ಅದರಲ್ಲಿ ಏನು ಕೆಟ್ಟಿತು ಎಂದು ಅಲ್ಲಿ ಬರೆಯಲಿ ಎಂದು ಸಹೋದ್ಯೋಗಿಗಳ ಮುಂದೆ ಹೇಳಿದಾಗ ಸಿಕ್ಕ ಉತ್ತರ: ಮೂರು ವರ್ಷದಲ್ಲಿ ಅದಕ್ಕೂ ಒಂದು ಟೆಂಪ್ಲೇಟ್ ಬರುತ್ತದೆ, ಪೆನ್‌ಡ್ರೈವಿನಲ್ಲಿ ಅದೂ ಓಡಾಡುತ್ತದೆ. ಬರಲಿ. ಆ ಟೆಂಪ್ಲೇಟಿನಲ್ಲಿ ಸೀನಿಯರ್ ಹೆಸರಿಗೆ ಒಂದು ಖಾಲಿ ಜಾಗ, ಸುಟ್ಟ ಬಿಡಿಭಾಗದ ಹೆಸರಿಗೆ ಒಂದು ಖಾಲಿ ಜಾಗ ಬಿಡಲೇಬೇಕಾಗುತ್ತದೆ. ಅಲ್ಲಿ ‘ಯಾವುದೇ’ ಎಂದು ಬರೆಯಲು ಬರುವುದಿಲ್ಲ.