ಬೈಕುಲ್ಲಾದಲ್ಲಿ ಸೋತ ಬಾಳೂ

ಕ್ರಿಕೆಟ್ಟಿನ ಮಾತು ಬಂದರೆ ನಮ್ಮವರ ಬಾಯಲ್ಲಿ ಪ್ರಸನ್ನ, ಚಂದ್ರಶೇಖರ, ವಿಶ್ವನಾಥರ ಹೆಸರು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರನ್ನು ನೆನೆಯುವವರು ಕಡಿಮೆ. ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ (2002) ಎಂಬ ಇಂಗ್ಲಿಷ್ ಗ್ರಂಥ ಈ ಮರೆವಿಗೆ ತಕ್ಕ ಉತ್ತರ. ಓದಿ ಮುಗಿಸಿದಾಗ ನಮಗೆ ಸಂತೋಷವಾಯಿತು. ಒಂದು ತಕರಾರೂ ಉಳಿಯಿತು.

ಚಮ್ಮಾರ ಕುಟುಂಬದ ಹುಡುಗ ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತ, ಕ್ಯಾಪ್ಟನ್ ಗ್ರೆಗ್‌ಗೆ ಗಂಟೆಗಟ್ಟಲೆ ಚೆಂಡೆಸೆದು ಎಡಗೈ ಸ್ಪಿನ್ ಪಳಗಿಸಿಕೊಂಡದ್ದು, ಬ್ಯಾಟು ಮಾತ್ರ ಅವನ ಕೈಗೆ ಬಾರದ್ದು, ಇವನ್ನು ಗುಹಾ ಅವಸರವಿಲ್ಲದೆ ಹೇಳುತ್ತಾರೆ. ಪುಣೆಯ ಹಿಂದೂ ತಂಡಕ್ಕೆ ಅವರ ವಿಕೆಟ್ಟು ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಧಾರವಾಡದವರೆಂದು ಹೆಮ್ಮೆಪಡಲು ಹೊರಟ ನಮಗೆ ಇಲ್ಲಿ ಗಂಟಲು ಕಟ್ಟಿತು. ಊರಿನ ನಮ್ಮ ಮನೆಗಳ ಹಿತ್ತಿಲಲ್ಲಿ ಬೇರೆ ಲೋಟ ಇರಲಿಲ್ಲವೇ?

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡ ಸೋತದ್ದೇ ಹೆಚ್ಚು. ಬಾಳೂ ಒಬ್ಬರೇ 114 ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕರಾಗಿ ಅವರನ್ನು ಆರಿಸಲಿಲ್ಲ. ಆ ಪಟ್ಟ 1923ರಲ್ಲಿ ತಮ್ಮ ವಿಠ್ಠಲನಿಗೆ ದೊರೆಯಿತು. ಈ ಭಾಗಗಳಲ್ಲಿ ಗ್ರಂಥಕರ್ತರ ಕೈ ಪಳಗಿದ್ದು. ಅಂಕಿಸಂಖ್ಯೆ ಜೋಡಿಸಿ ಕ್ರಿಕೆಟ್ ಇತಿಹಾಸವೆನ್ನುವವರು ಇದನ್ನು ನೋಡಿ ಕಲಿಯಬೇಕು.

ತಕರಾರು ಚುನಾವಣೆಯದು. 1932ರಲ್ಲಿ ಪುಣೆ ಒಪ್ಪಂದದ ಪರ ನಿಂತ ಬಾಳೂ, 1937ರಲ್ಲಿ ಕಾಂಗ್ರೆಸ್ಸಿನಿಂದ ಡಾ. ಅಂಬೇಡ್ಕರರಿಗೆ ಎದುರಾಳಿಯಾದರು. ಕ್ಷೇತ್ರ ಬೇರೆಲ್ಲಿಯದೂ ಅಲ್ಲ, ನಾವು ದಿನವೂ ರೈಲು ಹತ್ತುವ ಬೈಕುಲ್ಲಾ ಮತ್ತು ಪರೇಲ್. ಅಂಬೇಡ್ಕರರಿಗೆ 13,245 ಮತ, ಬಾಳೂಗೆ 11,225. ಮೈದಾನದಲ್ಲಿ ಅಷ್ಟು ಹೊತ್ತು ನಿಂತ ಗುಹಾ ಇಲ್ಲಿ ಬೇಗ ಹೆಜ್ಜೆ ಹಾಕುತ್ತಾರೆ. ಕ್ರಿಕೆಟ್ ಪ್ರೇಮಿಗಳಿಗೆ ಈ ಬಾಳೂ ಬೇಡ, ರಾಜಕೀಯದವರಿಗೆ ಆ ಬಾಳೂ ಬೇಡ. ಇಬ್ಬರೂ ಒಬ್ಬರೇ ಆಗಿದ್ದ ಮನುಷ್ಯ 1955ರಲ್ಲಿ ತೀರಿಕೊಂಡರು. 11,225 ಜನ ಮತ ಹಾಕಿದ್ದು ಕಾಂಗ್ರೆಸ್ಸಿಗೋ, ಆ ಎಡಗೈಗೋ? ಅದಕ್ಕೆ ಇನ್ನೊಂದು ಅಧ್ಯಾಯ ಬೇಕಿತ್ತು.