ಚಂದಮಾಮದ ಎಂಟು ಸಂಪುಟಗಳು: ಒಂದು ಮರುಓದು

ಮನೆಯಲ್ಲಿ ಏನೇನಿದೆ ಎಂಬುದು ಗೃಹಸ್ಥನಿಗೆ ತಿಳಿಯುವುದು ಕ್ವಾರ್ಟರ್ಸ್ ಬದಲಾಯಿಸುವಾಗಲೇ. ಕಳೆದ ಮಳೆಗಾಲಕ್ಕೆ ಮುಂಚೆ ನಮಗೂ ಹಾಗೆಯೇ ಆಯಿತು. ಮಂಚದ ಕೆಳಗಿನ ತಗಡಿನ ಟ್ರಂಕು ಎಳೆದರೆ, ನಮ್ಮ ತಂದೆಯವರು ದಬ್ಬಣದಿಂದ ಹೊಲಿದು ರಟ್ಟು ಹಾಕಿಟ್ಟಿದ್ದ ‘ಚಂದಮಾಮ’ದ ಎಂಟು ಸಂಪುಟಗಳು! 1974ರಿಂದ 1981ರವರೆಗೆ, ವರ್ಷಕ್ಕೊಂದು. “ಹೊಸ ಮನೇಲಿ ಇದಕ್ಕೆ ಜಾಗ ಎಲ್ಲಿದೆ ರೀ?” ಎಂದು ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಡತವನ್ನು ಓದದೆ ವಿಲೇವಾರಿ ಮಾಡಬಾರದೆಂಬುದು ನಮ್ಮ ಕಸುಬಿನ ನಿಯಮ. ಆದ್ದರಿಂದ ಎಂಟನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆವು. ಬಾಲ್ಯದ ನೆನಪು ಎಂಬ ಕನ್ನಡಕವನ್ನು ಸಾಧ್ಯವಾದಷ್ಟು ತೆಗೆದಿಟ್ಟೇ ಓದಿದೆವು.

ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಪತ್ರಿಕೆ ಇದು; 1949ರಲ್ಲಿ ಕನ್ನಡಕ್ಕೂ ಬಂತು. ತೆಲುಗಿನ ಹೆಸರಾಂತ ಕಥೆಗಾರ ಕೊಡವಟಿಗಂಟಿ ಕುಟುಂಬರಾವ್ ಅವರು 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ತೆಲುಗಿನಲ್ಲಿ ಸಿದ್ಧವಾದ ಕತೆ ಉಳಿದ ಭಾಷೆಗಳಿಗೆ ಅನುವಾದವಾಗುತ್ತಿತ್ತು. ಚಿತ್ರಗಳು ಮಾತ್ರ ಎಲ್ಲಕ್ಕೂ ಅವೇ. ಅಂದರೆ ನಾವು ಅಪ್ಪಟ ಕನ್ನಡವೆಂದು ನಂಬಿ ಬೆಳೆದದ್ದು ವಡಪಳನಿಯ ಅಚ್ಚುಕೂಟದಿಂದ ಬಂದ ಅನುವಾದ! ಇದನ್ನು ಕೇಳಿ ಕೆಲವರಿಗೆ ಬೇಸರವಾದೀತು. ನಮಗಂತೂ ಇದರಲ್ಲಿಯೇ ಅದರ ದೊಡ್ಡ ಗುಣ ಅಡಗಿದೆಯೆಂದು ತೋರುತ್ತದೆ.

ನಮ್ಮ ಬಾಲ್ಯ ಕಳೆದದ್ದು ಪರಳದ ಒಂದು ಚಾಳಿನಲ್ಲಿ. ತಂದೆ ಬಾಗಲಕೋಟೆ ಕಡೆಯವರು. ಎದುರು ಖೋಲಿಯವರು ಉಡುಪಿ ಕಡೆಯವರು, ಮೇಲಿನ ಮಾಳಿಗೆಯಲ್ಲಿ ಮಂಡ್ಯದವರೊಬ್ಬರು. ಒಬ್ಬರ ಕನ್ನಡ ಇನ್ನೊಬ್ಬರ ಮಕ್ಕಳಿಗೆ ನಗೆಯ ವಸ್ತು. ಚಂದಮಾಮದ ಕನ್ನಡವಾದರೋ ಯಾವ ಜಿಲ್ಲೆಯದೂ ಅಲ್ಲ. ಯಾರ ಮನೆಯದೂ ಅಲ್ಲದ್ದರಿಂದಲೇ ಅದು ಎಲ್ಲರ ಮನೆಗೂ ಬಂತು. ಸಣ್ಣ ವಾಕ್ಯ, ನೇರ ಕ್ರಿಯಾಪದ, ಅಲಂಕಾರವಿಲ್ಲದ ನಡೆ. ಶಾಲೆಯಲ್ಲಿ ಮರಾಠಿ ಓದುತ್ತಿದ್ದ ನಮ್ಮಂಥವರು ಕೂಡಿಸಿ ಕೂಡಿಸಿ ಓದಿದರೂ ಎಡವುತ್ತಿರಲಿಲ್ಲ.

ಆದರೆ ಇದೇ ಗುಣಕ್ಕೆ ಬೆಲೆಯನ್ನೂ ತೆರಬೇಕಾಯಿತು. ಎಂಟು ಸಂಪುಟ ಓದಿದರೂ ಜೋಳದ ರೊಟ್ಟಿಯ ವಾಸನೆ ಸಿಗಲಿಲ್ಲ, ಕೃಷ್ಣೆಯ ದಂಡೆ ಕಾಣಲಿಲ್ಲ. ಊರಿಗೆಲ್ಲ ‘ಪುರ’ ಎಂಬ ಬಾಲ. ರಾಜನಿಗೆ ಒಬ್ಬ ಮಂತ್ರಿ, ಹಳ್ಳಿಗೆ ಒಬ್ಬ ಜಿಪುಣ. ಮಲತಾಯಿ ಕೆಟ್ಟವಳಾಗಿರಲೇಬೇಕು, ಹೆಂಡತಿ ಗಯ್ಯಾಳಿಯಾಗಿದ್ದರೆ ಕತೆಗೆ ಕಳೆ! ಮಗಳಿಗೆ ಓದಿ ಹೇಳುವಾಗ ನಾವು ಎರಡು ಮೂರು ಕಡೆ ವಾಕ್ಯ ಹಾರಿಸಿದೆವು. ಅವಳು ಚಿತ್ರ ನೋಡಿ ಹಿಡಿದುಬಿಟ್ಟಳು.

ಚಿತ್ರಗಳ ಬಗ್ಗೆ ಎರಡು ಮಾತಿಲ್ಲ. ಶವವನ್ನು ಹೆಗಲಿಗೇರಿಸಿಕೊಂಡು ಕತ್ತಿ ಹಿರಿದು ನಡೆಯುವ ವಿಕ್ರಮನನ್ನು ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಆ ಚಿತ್ರದಲ್ಲಿ ರಾಜನ ಮುಖದ ಮೇಲೆ ಭಯವೂ ಇಲ್ಲ, ಪೌರುಷದ ಪ್ರದರ್ಶನವೂ ಇಲ್ಲ. ಹೊತ್ತ ಕೆಲಸ ಮುಗಿಸಬೇಕೆಂಬ ಒಂದೇ ಛಲ. ಬರವಣಿಗೆ ಹೇಳದೆ ಬಿಟ್ಟದ್ದನ್ನು ಈ ರೇಖೆಗಳು ಹೇಳಿವೆ.

ಬೇತಾಳನ ಮೂಲ ಕತೆಗಳು ಇಪ್ಪತ್ತೈದೇ. ಪತ್ರಿಕೆ ಅವು ಮುಗಿದ ಮೇಲೂ ಅದೇ ಚೌಕಟ್ಟಿನಲ್ಲಿ ಹೊಸದನ್ನು ಹೊಸೆಯುತ್ತ ದಶಕಗಟ್ಟಲೆ ಸಾಗಿತು. ಕೆಲವು ಸಪ್ಪೆಯೇ. ಆದರೂ ಆ ಚೌಕಟ್ಟು ಗಟ್ಟಿ. ಉಳಿದ ಕತೆಗಳು ನೀತಿ ಹೇಳಿ ಕೈತೊಳೆದುಕೊಂಡರೆ, ಬೇತಾಳ ಪ್ರಶ್ನೆ ಕೇಳಿ ನಿಲ್ಲಿಸುತ್ತಾನೆ. ನಮ್ಮ ತಂದೆಯವರು ಅಲ್ಲಿಗೆ ಅಂಗೈ ಅಡ್ಡ ಇಟ್ಟು, “ನೀ ಏನಂತೀಯೋ ತಮ್ಮಾ?” ಎನ್ನುತ್ತಿದ್ದರು. ನಾವು ಹೇಳಿದ ಮೇಲೆಯೇ ಕೈ ತೆಗೆಯುವುದು.

ಅವರು ಬಟ್ಟೆ ಗಿರಣಿಯ ಕೆಲಸಗಾರರು. ಪಾಳಿ ಮುಗಿಸಿ ರಾತ್ರಿಶಾಲೆಯಲ್ಲಿ ಕಲಿತವರು. ಓದಿದ್ದನ್ನೆಲ್ಲ ಒಪ್ಪುವ ಜಾಯಮಾನ ಅವರದಲ್ಲ ಎಂಬುದು ನಮಗೆ ಈಗ ತಿಳಿಯಿತು. ವೀರವರನ ಹಳೆಯ ಕತೆ ಓದುಗರಿಗೆ ನೆನಪಿರಬಹುದು: ಒಡೆಯನ ಆಯುಸ್ಸಿಗಾಗಿ ಸೇವಕ ತನ್ನ ಮಗನನ್ನೇ ಬಲಿಕೊಡುತ್ತಾನೆ; ಅದನ್ನು ಕಂಡು ರಾಜನೂ ತಲೆ ಕೊಡಲು ಮುಂದಾಗುತ್ತಾನೆ. ಸೇವಕ ಪ್ರಾಣ ಕೊಡುವುದು ಅವನ ಧರ್ಮ, ರಾಜ ಕೊಡಹೊರಟದ್ದೇ ದೊಡ್ಡದು ಎಂಬುದು ವಿಕ್ರಮನ ತೀರ್ಪು. 1981ರ ಸಂಪುಟದಲ್ಲಿ ಅದೇ ಜಾಡಿನ ಒಂದು ಕತೆಯ ಪಕ್ಕ ಪೆನ್ಸಿಲಿನಲ್ಲಿ ತಂದೆಯವರ ಅಕ್ಷರ: “ಕೆಲಸ ಅವಂದು, ಹೆಸರು ಇವಂದು.”

ಅಷ್ಟೇ. ನಾವು ಈ ಲೇಖನದಲ್ಲಿ ಇಷ್ಟುದ್ದ ಬರೆದ ವಿಮರ್ಶೆಯನ್ನು ಅವರು ನಾಲ್ಕು ಶಬ್ದದಲ್ಲಿ ಮುಗಿಸಿದ್ದರು.

ಡಿಸೆಂಬರ್ 1981ರ ಸಂಚಿಕೆಯೇ ಕೊನೆಯದು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ನಮಗಾಗ ಎರಡು ವರ್ಷ. ಪತ್ರಿಕೆ ಬರುವುದು ಏಕೆ ನಿಂತಿತೆಂದು ನಾವು ಅವರನ್ನು ಎಂದೂ ಕೇಳಲಿಲ್ಲ. ಇದ್ದ ಎಂಟನ್ನೇ ತಿರುತಿರುಗಿ ಓದಿಸಿದರು. ಪತ್ರಿಕೆ ಮುಂದೆ ಬಹಳ ವರ್ಷ ನಡೆದು, 2007ರಲ್ಲಿ ಕೈ ಬದಲಾಗಿ, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಎಂಟೂ ಸಂಪುಟಗಳನ್ನು ಸಂಘದ ಗ್ರಂಥಾಲಯಕ್ಕೆ ಕೊಡುವುದಾಗಿ ಕಾರ್ಯದರ್ಶಿಗಳಿಗೆ ಮಾತು ಕೊಟ್ಟಿದ್ದೆವು. ತಲುಪಿಸಿದ್ದು ಏಳು. 1981ರದ್ದು ಮನೆಯಲ್ಲಿಯೇ ಉಳಿದಿದೆ, ಅವರು ಕ್ಷಮಿಸಬೇಕು. ಕೊಟ್ಟ ಏಳರಲ್ಲಿಯೂ ಅಲ್ಲಲ್ಲಿ ಪೆನ್ಸಿಲಿನ ಗುರುತುಗಳಿವೆ. ಎರವಲು ಒಯ್ಯುವವರು ರಬ್ಬರ್ ಹಾಕಿ ಅಳಿಸದಿದ್ದರೆ ಉಪಕಾರವಾಗುತ್ತದೆ.