ಕಲ್ಲು ಯಾವ ವಿಭಾಗಕ್ಕೆ ಸೇರಿದ್ದು?

ವಿಶ್ವವಿದ್ಯಾಲಯಗಳು ಹೊರಡಿಸುವ ಪಿಎಚ್.ಡಿ. ಪ್ರವೇಶ ಮತ್ತು ಸಂಶೋಧನಾ ಹುದ್ದೆಗಳ ಅಧಿಸೂಚನೆಗಳನ್ನು ನಾನು ದಾನಶಾಸನ ಓದುವ ಹಾಗೇ ಓದುತ್ತೇನೆ. ಕೊಡುವವರು ಯಾರು, ಪಡೆಯುವವರು ಯಾರು, ಏನು ಕೆಲಸಕ್ಕೆ, ಎಷ್ಟು ಕಾಲಕ್ಕೆ? ಹೀಗೆ ಓದಿದರೆ ಕೊರತೆ ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ಹೋಲಿಕೆಗೆ ಇಂಡಿ ತಾಲ್ಲೂಕಿನ ಸಾಲೋಟಗಿ ಶಾಸನವನ್ನೇ ನೋಡಿ. ಕ್ರಿ.ಶ. 945, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಆಳ್ವಿಕೆ. ಅವನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಗೆ ಕೊಟ್ಟ ದತ್ತಿ ಅದರಲ್ಲಿದೆ. ವಿದ್ಯಾರ್ಥಿಗಳಿಗೆ 27 ನಿವೇಶನ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ. ರಾತ್ರಿ ಓದುವವನಿಗೆ ಎಣ್ಣೆ ಬೇಕು ಅನ್ನೋದನ್ನೂ ಅವರು ಮರೆತಿಲ್ಲ.

ಇಂದಿನ ಅಧಿಸೂಚನೆಯಲ್ಲೂ ಹಣದ ಲೆಕ್ಕ ಸ್ಪಷ್ಟವಾಗಿಯೇ ಇರುತ್ತದೆ. ಜೆ.ಆರ್.ಎಫ್. ತಿಂಗಳಿಗೆ 37,000 ರೂಪಾಯಿ. ಪಿಎಚ್.ಡಿ. ಅವಧಿ 3ರಿಂದ 6 ವರ್ಷ. ಮಸುಕಾಗಿರೋದು ಒಂದೇ ಸಾಲು: ‘ಸಂಬಂಧಿತ ವಿಷಯದಲ್ಲಿ ಸ್ನಾತಕೋತ್ತರ ಪದವಿ’. ಶಾಸನಕ್ಕೆ ಸಂಬಂಧಿತ ವಿಷಯ ಯಾವುದು ಸ್ವಾಮಿ? ನೆಟ್ ಪರೀಕ್ಷೆಯಲ್ಲಿ ಶಾಸನಶಾಸ್ತ್ರ ಅನ್ನೋ ಪ್ರತ್ಯೇಕ ವಿಷಯವೇ ಇಲ್ಲ. ಪುರಾತತ್ವದ ಪಠ್ಯಕ್ರಮದಲ್ಲಿ ಅದು ಒಂದು ಭಾಗ, ಅಷ್ಟೆ. ಆದರೆ ಒಂದು ಕಲ್ಲನ್ನು ಓದಲು ಹಳಗನ್ನಡವೂ ಬೇಕು, ಸಂಸ್ಕೃತವೂ ಬೇಕು, ರಾಜವಂಶಗಳ ಕಾಲಗಣನೆಯೂ ಬೇಕು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ನಡೆಸುತ್ತಿರುವ 3ಡಿ ಸ್ಕ್ಯಾನಿಂಗ್‌ನಂಥ ಕೆಲಸಕ್ಕೆ ತಂತ್ರಜ್ಞಾನ ಬಲ್ಲವರೂ ಬೇಕು.

ಹಿಂದೊಮ್ಮೆ ಶಾಸನ ಯೋಜನೆಯೊಂದರ ಸಂದರ್ಶನಕ್ಕೆ ಹೋಗಿದ್ದೆ. ಚೀಲದಲ್ಲಿ ನಾನೇ ತೆಗೆದ ಪಡಿಯಚ್ಚುಗಳಿದ್ದವು. “ನಿಮ್ಮದು ಕನ್ನಡ ಎಂ.ಎ., ಇದು ಇತಿಹಾಸ ವಿಭಾಗದ ಹುದ್ದೆ” ಅಂದರು. ಐದು ನಿಮಿಷಕ್ಕೆ ಮುಗೀತು. ಒಂದಕ್ಷರ ಓದಿಸಲಿಲ್ಲ. ಚೀಲ ಬಿಚ್ಚದೆಯೇ ವಾಪಸ್ಸು ಬಂದೆ.

ಪದವಿಯ ನಿಯಮ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ವಶೀಲಿಗೆ ಬಾಗಿಲು ತೆರೆದಂತೆ. ಭಾಷೆ ಬಲ್ಲವನಿಗೆ ಚರಿತ್ರೆಯ ಸಂದರ್ಭ ತಿಳಿಯದೆ ಹೋಗಬಹುದು ಎಂಬ ಇತಿಹಾಸಕಾರರ ಆತಂಕವೂ ಸುಳ್ಳಲ್ಲ. ಆದರೆ ಇದಕ್ಕೆ ದಾರಿ ನಿಯಮದೊಳಗೇ ಇದೆ. ಯು.ಜಿ.ಸಿ.ಯ 2022ರ ಪಿಎಚ್.ಡಿ. ನಿಯಮಗಳು ಬೇರೆ ವಿಭಾಗದ ಸಹಮಾರ್ಗದರ್ಶಕರಿಗೆ ಅವಕಾಶ ಕೊಡುತ್ತವೆ. ಹಾಗಾದರೆ ಅಧಿಸೂಚನೆಯಲ್ಲಿ ‘ಕನ್ನಡ, ಸಂಸ್ಕೃತ, ಇತಿಹಾಸ, ಪುರಾತತ್ವ’ ಅಂತ ನಾಲ್ಕೂ ಹೆಸರು ಬಿಡಿಸಿ ಬರೆಯಲು ಏನು ಅಡ್ಡಿ? ಸಂದರ್ಶನದ ದಿನ ಎಲ್ಲ ಅಭ್ಯರ್ಥಿಗಳ ಮುಂದೆ ಒಂದೇ ಪಡಿಯಚ್ಚು ಇಟ್ಟು ಅರ್ಧ ಗಂಟೆ ಓದಿಸಲಿ. ಬರೆದ ಪಾಠ ಕಡತದಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ತಾಳೆ ನೋಡಬಹುದು.

ಬಯಲಲ್ಲಿ ಬಿದ್ದ ಕಲ್ಲುಗಳ ಅಕ್ಷರ ಮಳೆಗಾಳಿಗೆ ಸವೆಯುತ್ತಲೇ ಇದೆ. ಓದಬಲ್ಲ ಹುಡುಗ ಹುಡುಗಿಯರು ಈ ಒಂದು ಸಾಲಿಗೆ ಸಿಕ್ಕಿ ಬೇರೆ ಕೆಲಸ ಹಿಡಿದರೆ, ಆ ನಷ್ಟವನ್ನು ಯಾವ ವಿಭಾಗದ ಲೆಕ್ಕಕ್ಕೆ ಬರೆಯೋಣ?